ಗೊರಗುಂಟೆಪಾಳ್ಯಕ್ಕೆ ವೀಸಾ ಬೇಕಾಗಿಲ್ಲ

ವರ್ಷಕ್ಕೆ ಎರಡು ಸಲ, ಮಾರ್ಚಿನಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ, ನನ್ನ ಲಿಂಕ್ಡ್‌ಇನ್ ತುಂಬಾ ಒಂದೇ ಥರದ ಫೋಟೊಗಳು ಬರ್ತವೆ. ದೇವನಹಳ್ಳಿ ಏರ್‌ಪೋರ್ಟು, ಎರಡು ದೊಡ್ಡ ಸೂಟ್‌ಕೇಸು, ಕೈಯಲ್ಲಿ ಪಾಸ್‌ಪೋರ್ಟು. ಕೆಳಗೊಂದು ಪ್ಯಾರಾ: ವಲಸೆಯ ಬಗ್ಗೆ ಓದೋದಕ್ಕೆ ಒಂದು ಸೆಮಿಸ್ಟರ್ ಹೊರದೇಶಕ್ಕೆ ಹೊರಟಿದ್ದೀನಿ, ಕಾಲೇಜಿಗೆ, ಗೈಡಿಗೆ, ಅಪ್ಪ ಅಮ್ಮನಿಗೆ ಥ್ಯಾಂಕ್ಸ್. ಅದಕ್ಕೆ ಮುನ್ನೂರು ಲೈಕು. ನೀವೂ ಒತ್ತಿರ್ತೀರಿ, ನಾನೂ ಒತ್ತೀನಿ.

ನನ್ನ ತಕರಾರು ಆ ಹುಡುಗ ಹುಡುಗಿಯರ ಮೇಲಲ್ಲ. ಅವರನ್ನು ಕಳಿಸೋ ವಿಶ್ವವಿದ್ಯಾಲಯಗಳ ಮೇಲೆ. ವಲಸೆ ಅನ್ನೋದನ್ನ ಓದಬೇಕಾದರೆ ಮೊದಲು ವಿಮಾನ ಹತ್ತಬೇಕು ಅನ್ನೋ ನಂಬಿಕೆಯನ್ನ ಅವು ಸದ್ದಿಲ್ಲದೆ ಬೆಳೆಸಿಬಿಟ್ಟಿವೆ. ಅಲ್ಲಿ ಓದಿದರೆ ಕ್ರೆಡಿಟ್ಟು, ಸರ್ಟಿಫಿಕೇಟು, ಬಯೋಡೇಟಾದಲ್ಲಿ ಒಂದು ಸಾಲು. ಇಲ್ಲೇ ಓದ್ತೀನಿ ಅಂದರೆ ಸಮಾಜಸೇವೆ, ಶನಿವಾರದ ಎನ್‌ಎಸ್‌ಎಸ್ ಕ್ಯಾಂಪು. ಈ ತಾರತಮ್ಯದಿಂದ ನಷ್ಟ ಆಗ್ತಿರೋದು ಯಾರಿಗೆ ಅಂತ ಹೇಳೋದಕ್ಕೇ ಇದನ್ನ ಬರೀತಿದ್ದೀನಿ.

ಹೊಟ್ಟೆಕಿಚ್ಚು ಅನ್ನೋದಕ್ಕೆ ಮುಂಚೆ ಹೇಳಿಬಿಡ್ತೀನಿ, ನಾನೂ ಹೋಗಿ ಬಂದವಳೇ. ಎಂಎ ಓದುವಾಗ ಸ್ಕಾಲರ್‌ಶಿಪ್ ಸಿಕ್ಕಿ ಜರ್ಮನಿಯ ಒಂದು ಊರಿನಲ್ಲಿ ಐದು ತಿಂಗಳಿದ್ದೆ. ಒಳ್ಳೇ ಮೇಷ್ಟ್ರು, ಒಳ್ಳೇ ಲೈಬ್ರರಿ, ಒಳ್ಳೇ ಬ್ರೆಡ್ಡು. ಹೋಗಬೇಡಿ ಅಂತ ಯಾರಿಗೂ ಹೇಳಲ್ಲ. ಆದರೆ ನಾನು ಹುಟ್ಟಿ ಬೆಳೆದಿದ್ದು ಗೊರಗುಂಟೆಪಾಳ್ಯದಲ್ಲಿ. ಆ ಊರಿನವಳಿಗೆ ವಲಸೆ ತೋರಿಸೋಕೆ ಏಳು ಸಾವಿರ ಕಿಲೋಮೀಟರ್ ಕರ್ಕೊಂಡು ಹೋಗೋದಿದೆಯಲ್ಲ, ಅದು ಮಲ್ಪೆಯವರಿಗೆ ಮೀನು ತೋರಿಸೋಕೆ ದಿಲ್ಲಿಗೆ ಕರ್ಕೊಂಡು ಹೋದ ಹಾಗೆ.

ಗೊರಗುಂಟೆಪಾಳ್ಯವನ್ನ ನೀವು ನೋಡಿರ್ತೀರಿ, ಆದರೆ ಬೈಕೊಂಡು ನೋಡಿರ್ತೀರಿ. ತುಮಕೂರು ರಸ್ತೆಗೂ ರಿಂಗ್ ರೋಡಿಗೂ ಗಂಟು ಬಿದ್ದಿರೋ ಜಾಗ ಅದು. ಗೂಗಲ್ ಮ್ಯಾಪಿನಲ್ಲಿ ಯಾವಾಗಲೂ ಕಡುಗೆಂಪು. ಸಿಎಂಟಿಐ ಸ್ಟಾಪ್ ಅಂತ ಕಂಡಕ್ಟರು ಕೂಗೋದೂ ಇದನ್ನೇ. 2014ರಲ್ಲಿ ಮೆಟ್ರೊ ಬಂದ ಮೇಲೆ ಮೇಲೊಂದು ಸ್ಟೇಷನ್ನು, ಕೆಳಗೆ ಅದೇ ಹಳೇ ಗಲಾಟೆ. ಊರಿಗೆ ಹೋಗೋರು ಬಸ್ ಹಿಡಿಯೋದು ಇಲ್ಲೇ, ಊರಿನಿಂದ ಬಂದೋರು ಇಳಿಯೋದೂ ಇಲ್ಲೇ.

ಬೆಳಗಿನ ಜಾವ ನಾಲ್ಕೂವರೆಯಿಂದ ಆರೂವರೆವರೆಗೆ ಆ ಸ್ಟಾಪಿನಲ್ಲಿ ಒಂದು ದಿನ ನಿಂತು ನೋಡಿ. ಹುಬ್ಬಳ್ಳಿ, ದಾವಣಗೆರೆ ಕಡೆಯ ಸ್ಲೀಪರ್ ಬಸ್ಸಿನಿಂದ ನಮ್ಮಂಥವರು ಇಳೀತಾರೆ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ. ಓಲಾ ಬುಕ್ ಮಾಡಿ ಹೊರಟುಬಿಡ್ತಾರೆ. ಹಿಂದಿನ ಬಸ್ಸು ಲಿಂಗಸುಗೂರು, ಕುಷ್ಟಗಿ, ಯಾದಗಿರಿ ಕಡೆಯದು. ಅದರಿಂದ ಇಳಿಯೋದು ಒಬ್ಬೊಬ್ಬರಲ್ಲ, ಮನೆ ಮನೆಯೇ. ಜೋಳದ ಹಿಟ್ಟಿನ ಚೀಲ, ಪ್ಲಾಸ್ಟಿಕ್ ಕೊಡದೊಳಗೆ ಪಾತ್ರೆ, ಸೀರೆಯಲ್ಲಿ ಕಟ್ಟಿದ ಹಾಸಿಗೆ, ಕಂಕುಳಲ್ಲಿ ನಿದ್ದೆ ಬಿಡದ ಕೂಸು. ಇವರು ಯಾವ ಆ್ಯಪನ್ನೂ ತೆರೆಯಲ್ಲ. ಮೇಸ್ತ್ರಿಗೆ ಫೋನ್ ಹಚ್ಚಿ, ಟೆಂಪೊ ಬರೋವರೆಗೆ ಫುಟ್‌ಪಾತ್ ಮೇಲೆ ಕೂರ್ತಾರೆ. ಸ್ವಲ್ಪ ಹೊತ್ತಿಗೆ ಯಶವಂತಪುರ ರೈಲ್ವೆ ಸ್ಟೇಷನ್ ಕಡೆಯಿಂದ ಒಡಿಶಾ, ಜಾರ್ಖಂಡಿನ ಹುಡುಗಿಯರ ಗುಂಪು ಬರುತ್ತೆ, ಪೀಣ್ಯದ ಗಾರ್ಮೆಂಟ್ಸ್ ಹಾಸ್ಟೆಲ್ಲಿಗೆ. ಎಪಿಎಂಸಿ ಯಾರ್ಡಿಗೆ ಹೊರಟ ಹಮಾಲರು, ಶಿಫ್ಟ್ ಮುಗಿಸಿದ ಬಿಹಾರದ ಸೆಕ್ಯೂರಿಟಿ ಗಾರ್ಡು, ಮಣಿಪುರದ ಹುಡುಗ, ಎಲ್ಲರೂ ಒಂದೇ ಗಾಡಿಯ ಹತ್ತಿರ ಚಹಾ ಕುಡೀತಾರೆ. ಎರಡು ಗಂಟೆಯಲ್ಲಿ ನಾಲ್ಕೈದು ಥರದ ವಲಸೆ. ಯಾವ ಪಠ್ಯಪುಸ್ತಕದಲ್ಲೂ ಇವು ಇಷ್ಟು ಒತ್ತೊತ್ತಾಗಿ ಸಿಗಲ್ಲ.

ಹೋಗೋದಕ್ಕೆ ಮುಂಚೆ, ನನ್ನ ಪ್ರಾಜೆಕ್ಟಿಗೆ ಇದೇ ಸ್ಟಾಪನ್ನು ತಗೋತೀನಿ ಅಂತ ನಮ್ಮ ಕಾಲೇಜಿನಲ್ಲಿ ಕೇಳಿದ್ದೆ. ಕಾಲೇಜಿನ ಹೆಸರು ಬೇಡ, ಎಲ್ಲ ಕಡೆಯೂ ಹೀಗೇ. "ಅದು ಬಸ್ ಸ್ಟಾಪು ಕಣಮ್ಮಾ, ಫೀಲ್ಡ್ ಅಲ್ಲ" ಅಂದರು ಮೇಡಂ, ನಗುನಗುತ್ತಲೇ. ಸರಿ ಅಂತ ಜರ್ಮನಿಗೆ ಹೋದೆ. ಎರಡನೇ ವಾರ ನಮ್ಮನ್ನ ಫೀಲ್ಡ್ ವಿಸಿಟ್ ಅಂತ ಎಲ್ಲಿಗೆ ಕರ್ಕೊಂಡು ಹೋದರು ಗೊತ್ತಾ? ಬಸ್ ಸ್ಟ್ಯಾಂಡಿಗೆ. ರೊಮೇನಿಯಾದಿಂದ, ಪೋಲೆಂಡಿನಿಂದ ಸೀಸನ್ ಕೆಲಸಕ್ಕೆ ಬರೋರು ಇಳಿಯೋ ಬಸ್ ಸ್ಟ್ಯಾಂಡು. ಅವರ ಕೈಯಲ್ಲೂ ಅದೇ ಗಂಟುಮೂಟೆ. ಅಲ್ಲಿ ಎರಡು ಗಂಟೆ ನಿಂತು ನೋಟ್ಸ್ ಬರೆದಿದ್ದಕ್ಕೆ ನನಗೆ ಕ್ರೆಡಿಟ್ ಸಿಕ್ತು.

ಆ ಸೆಮಿಸ್ಟರಿನಲ್ಲಿ ನಮಗೆ ಮೊದಲು ಓದಿಸಿದ್ದು ರಾವೆನ್‌ಸ್ಟೈನ್. 1885ರಲ್ಲಿ ಲಂಡನ್ನಿನಲ್ಲಿ ಕೂತು ಜನಗಣತಿಯ ಲೆಕ್ಕ ಜಾಲಾಡಿ 'ವಲಸೆಯ ನಿಯಮಗಳು' ಅಂತ ಬರೆದವನು. ಅವನೇ ಜರ್ಮನಿಯಿಂದ ಇಂಗ್ಲೆಂಡಿಗೆ ವಲಸೆ ಬಂದವನು. ಅವನ ಲೆಕ್ಕದಲ್ಲಿ ಎದ್ದು ಕಂಡ ಮೊದಲ ಮಾತು ಬಹಳ ಸರಳ: ವಲಸೆ ಹೋಗೋರಲ್ಲಿ ಬಹುಪಾಲು ಜನ ದೂರ ಹೋಗಲ್ಲ, ಹತ್ತಿರದಲ್ಲೇ ಹೋಗ್ತಾರೆ. ನೂರಮೂವತ್ತು ವರ್ಷ ಕಳೆದ ಮೇಲೂ ನಮ್ಮ ದೇಶದ ಮಟ್ಟಿಗೆ ಅದು ನಿಜ. 2011ರ ಜನಗಣತಿಯಲ್ಲಿ ದೇಶದೊಳಗೇ ಊರು ಬಿಟ್ಟು ಊರಿಗೆ ಹೋದವರು ಸುಮಾರು 45 ಕೋಟಿ. ದೇಶದ ಹೊರಗಿರೋ ಭಾರತೀಯರು, 2020ರ ವಿಶ್ವಸಂಸ್ಥೆಯ ಲೆಕ್ಕದಲ್ಲಿ, ಸುಮಾರು 1.8 ಕೋಟಿ. ಅಂದರೆ ವಲಸೆಯ ಶಾಸ್ತ್ರದ ಮೊದಲ ಪಾಠವೇ 'ಮನೆ ಹತ್ತಿರ ನೋಡು' ಅನ್ನುತ್ತೆ. ಅದನ್ನ ಕಲಿಯೋಕೆ ನಾವು ಜರ್ಮನಿಗೆ ಹೋಗ್ತೀವಿ.

ಆ 45 ಕೋಟಿಯಲ್ಲಿ ಅರ್ಧದ ಹತ್ತಿರ ಹತ್ತಿರ ಜನ ಮದುವೆಯಾಗಿ ಗಂಡನ ಊರಿಗೆ ಬಂದ ಹೆಂಗಸರಲ್ವಾ ಅಂತ ಯಾರಾದರೂ ಕೇಳಬಹುದು. ಹೌದು. ನಮ್ಮವ್ವನೂ ಆ ಲೆಕ್ಕದಲ್ಲಿ 'ಮದುವೆ' ಅನ್ನೋ ಕಲಮಿನಲ್ಲೇ ಇದ್ದಾಳೆ. ಅಪ್ಪ ಪೀಣ್ಯದ ಒಂದು ಲೇತ್ ಶಾಪಿಗೆ ಬಂದಾಗ ನಮ್ಮ ಕುಷ್ಟಗಿ ಇನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಮದುವೆಯಾಗಿ ಹಿಂದೆ ಬಂದ ಅವ್ವ ಮೂರನೇ ತಿಂಗಳಿಗೆ ಗಾರ್ಮೆಂಟ್ಸ್ ಸೇರಿದಳು. ಇಪ್ಪತ್ತೆರಡು ವರ್ಷ ಕಾಲರ್ ಹೊಲಿದಳು. ಜನಗಣತಿಯವರು ಕೇಳೋದು ಒಂದೇ ಕಾರಣ, ಯಾಕೆ ಊರು ಬಿಟ್ಟಿರಿ ಅಂತ. ಅವ್ವ ಮದುವೆ ಅಂದಳು, ಅವರು ಬರ್ಕೊಂಡರು. ಆ ಇಪ್ಪತ್ತೆರಡು ವರ್ಷದ ಹೊಲಿಗೆ ಯಾವ ಕಲಮಿನಲ್ಲೂ ಇಲ್ಲ. ಇದನ್ನ ಹಿಡಿದು ಒಂದು ಪಿಎಚ್‌ಡಿ ಮಾಡಬಹುದು. ಆದರೆ ಗೊರಗುಂಟೆಪಾಳ್ಯ ಫೀಲ್ಡ್ ಅಲ್ವಲ್ಲ.

ಕನ್ನಡದಲ್ಲಿ ಇದಕ್ಕೆ ಎರಡು ಪದ ಇವೆ. ಒಂದು ವಲಸೆ, ಇನ್ನೊಂದು ಗುಳೆ. ವಲಸೆ ಪುಸ್ತಕದ್ದು, ಆಫೀಸಿನದ್ದು. ಗುಳೆ ನಮ್ಮ ಕಡೆಯದ್ದು. ಮಳೆ ಕೈಕೊಟ್ಟಾಗ, ಸಾಲ ಕುತ್ತಿಗೆಗೆ ಬಂದಾಗ, ಮನೆಗೆ ಬೀಗ ಹಾಕಿ ಮುದುಕರನ್ನು ಕಟ್ಟೆ ಮೇಲೆ ಬಿಟ್ಟು ಹೊರಡೋದು ಗುಳೆ. ಬೆಳೆ ಬಂದರೆ ವಾಪಸ್ಸು, ಇಲ್ಲದಿದ್ದರೆ ಮತ್ತೆ ಗುಳೆ. ಈಗ ಪುಸ್ತಕದ್ದು ಅನಿಸೋ ವಲಸೆಗೂ ಒಂದು ಕಾಲದಲ್ಲಿ ಇದೇ ಭಾರ ಇತ್ತು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಮೈಸೂರಿನ ಚರಿತ್ರೆ ಬರೆಯುವಾಗ, ದಂಡು ಬರ್ತಿದೆ ಅಂತ ಗೊತ್ತಾದ ಕೂಡಲೇ ಊರಿಗೆ ಊರೇ ಕಾಳುಕಡಿ ಹೊತ್ತು ಹೊರಡೋದನ್ನ ವರ್ಣಿಸಿ, ಅದಕ್ಕೆ 'ವುಲ್ಸಾ' ಅಂತ ನಮ್ಮ ಪದವನ್ನೇ ಇಂಗ್ಲಿಷಿನೊಳಗೆ ಇಟ್ಟ. ಇನ್ನೂರು ವರ್ಷದ ಹಿಂದೆ ಒಬ್ಬ ಬ್ರಿಟಿಷ್ ಅಧಿಕಾರಿಗೆ ನಮ್ಮ ಪದ ಬೇಕಾಯ್ತು. ನಮ್ಮದೇ ಕಾಲೇಜುಗಳಿಗೆ ಬೇಡವಾಗಿದೆ. ಅಲ್ಲಿ ಪುಶ್ ಫ್ಯಾಕ್ಟರ್, ಪುಲ್ ಫ್ಯಾಕ್ಟರ್ ಅಂತ ಬರೆದರೆ ಮಾರ್ಕ್ಸು. ಗುಳೆ ಅಂತ ಬರೆದರೆ 'ಪರಿಭಾಷೆ ಸರಿಯಿಲ್ಲ'.

ಪದದ ಜಗಳ ಅಂತ ತಳ್ಳಿಹಾಕಬೇಡಿ. ಪದದ ಹಿಂದೆ ಕಾನೂನು ಬರುತ್ತೆ. 1979ರಲ್ಲಿ ದೇಶದಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂತು. ಕರ್ಕೊಂಡು ಬರೋ ಗುತ್ತಿಗೆದಾರ ಲೈಸೆನ್ಸ್ ತಗೋಬೇಕು, ಪ್ರತಿ ಕಾರ್ಮಿಕನಿಗೆ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಊರು ಬಿಟ್ಟಿದ್ದಕ್ಕೆ ಭತ್ಯೆ ಕೊಡಬೇಕು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಹೆಸರಲ್ಲೇ ಇದೆ ನೋಡಿ, ಅಂತರರಾಜ್ಯ. ಸೊಲ್ಲಾಪುರದಿಂದ ಬಂದವನು ಕಾನೂನಿನ ಕಣ್ಣಿಗೆ ವಲಸೆ ಕಾರ್ಮಿಕ. ಯಾದಗಿರಿಯಿಂದ ಬಂದವನು ಏನೂ ಅಲ್ಲ, ಯಾಕಂದರೆ ಅವನು ರಾಜ್ಯದ ಗಡಿ ದಾಟಿಲ್ಲ. ಆ ಕಾಯ್ದೆ ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಕೊಂಡಿದೆ, ಅಲ್ಲೂ ಪದ ಅಂತರರಾಜ್ಯವೇ. ನಮ್ಮ ರಾಜ್ಯದ ಜನ ನಮ್ಮದೇ ರಾಜಧಾನಿಯಲ್ಲಿ ಕಾನೂನಿನ ಕಣ್ಣಿಗೆ ಬೀಳದೇ ನೀಲಿ ಟಾರ್ಪಾಲಿನ ಕೆಳಗೆ ಇರ್ತಾರೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಬೇಕು ಅಂದರೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಕೊಡಬೇಕು. ಮೂರು ತಿಂಗಳಿಗೊಂದು ಸೈಟು ಬದಲಾಯಿಸೋ ಮೇಸ್ತ್ರಿ ಯಾವ ದಾಖಲೆ ಕೊಡ್ತಾನೆ?

ಜರ್ಮನಿಯಲ್ಲಿ ನಾನು ರೂಮಿಗೆ ಸೇರಿದ ಎರಡು ವಾರದೊಳಗೆ ಮುನಿಸಿಪಲ್ ಆಫೀಸಿಗೆ ಹೋಗಿ ನನ್ನ ವಿಳಾಸ ಬರೆಸಬೇಕಾಯ್ತು. ಅಲ್ಲಿ ಎಲ್ಲರಿಗೂ ಅದೇ ನಿಯಮ. ಒಂದು ಕಾಗದ ಕೊಟ್ಟರು. ಅದರ ಮೇಲೆ ಬ್ಯಾಂಕು, ಇನ್ಶೂರೆನ್ಸು, ಮೊಬೈಲು ಎಲ್ಲ ಆಯ್ತು. ಐದು ತಿಂಗಳಿಗೆ ಬಂದ ಹೊರಗಿನವಳು ನಾನು; ನಾನು ಬಂದಿದ್ದೀನಿ ಅಂತ ಆ ಊರಿಗೆ ಗೊತ್ತಿತ್ತು. ಅಪ್ಪ ಬೆಂಗಳೂರಿಗೆ ಬಂದು ರೇಷನ್ ಕಾರ್ಡಿನಲ್ಲಿ ಇಲ್ಲಿನ ವಿಳಾಸ ಬರೋಕೆ ಹನ್ನೊಂದು ವರ್ಷ ಹಿಡಿದಿತ್ತು. ಪೊಲೀಸರು ಊರಿಗೂರೇ ಲೆಕ್ಕ ಇಟ್ಟುಕೊಳ್ಳಲಿ ಅಂತ ನಾನು ಹೇಳ್ತಿಲ್ಲ. ಒಂದು ಮಗು ಇಲ್ಲಿ ಬಂದಿಳಿದಿದೆ, ಅದಕ್ಕೆ ಅಂಗನವಾಡಿ ಬೇಕು, ಇಷ್ಟನ್ನ ತಿಳ್ಕೊಳ್ಳೋ ಒಂದು ಟೇಬಲ್ಲಾದರೂ ಆ ಬಸ್ ಸ್ಟಾಪಿನಲ್ಲಿ ಇರಬಾರದಾ?

ಲೆಕ್ಕ ಇಡದಿದ್ದರೆ ಏನಾಗುತ್ತೆ ಅನ್ನೋದನ್ನ 2020 ತೋರಿಸಿತು. ಮಾರ್ಚ್ 25ರಿಂದ ಲಾಕ್‌ಡೌನ್. ಮೇ ತಿಂಗಳ ಶುರುವಿನಲ್ಲಿ ಶ್ರಮಿಕ್ ರೈಲುಗಳಿಗೆ ಒಪ್ಪಿಗೆ ಸಿಕ್ಕಿ, ಇಲ್ಲೇ ನಮ್ಮ ಮಗ್ಗುಲಿನ ಚಿಕ್ಕಬಾಣಾವರದಿಂದ, ಆ ಕಡೆ ಮಾಲೂರಿನಿಂದ ರೈಲು ಹೊರಟವು. ಮೇ 5ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರ್‌ಗಳ ಜೊತೆ ಸಭೆ ಮಾಡಿದರು. ಅದೇ ದಿನ ಸರ್ಕಾರ ರೈಲ್ವೆಗೆ ಪತ್ರ ಬರೆದು, ನಾಳೆಯಿಂದ ರೈಲು ಬೇಡ ಅಂತು. ಕಟ್ಟಡದ ಕೆಲಸ ಶುರುವಾಗ್ತಿದೆ, ಕೆಲಸದವರು ಹೋಗಿಬಿಟ್ಟರೆ ಹೇಗೆ! ದೇಶವೆಲ್ಲ ಉಗಿದ ಮೇಲೆ ಎರಡು ದಿನದಲ್ಲಿ ತೀರ್ಮಾನ ವಾಪಸ್ಸಾಯ್ತು. ಒಳರಾಜ್ಯದ ಜನಕ್ಕೆ ಬಸ್ಸು ಬಿಟ್ಟಾಗಲೂ ಮೊದಲು ಮಾಮೂಲಿಗಿಂತ ಜಾಸ್ತಿ ದರ, ಗಲಾಟೆಯಾದ ಮೇಲೆ ಉಚಿತ. ಕೊನೆಗೆ ಸೆಪ್ಟೆಂಬರ್ 14ರಂದು, ಲಾಕ್‌ಡೌನಿನಲ್ಲಿ ಊರಿಗೆ ಹೊರಟ ಕಾರ್ಮಿಕರು ಎಷ್ಟು ಜನ ಸತ್ತರು ಅಂತ ಲೋಕಸಭೆಯಲ್ಲಿ ಕೇಳಿದಾಗ ಕೇಂದ್ರ ಕಾರ್ಮಿಕ ಸಚಿವಾಲಯ ಕೊಟ್ಟ ಉತ್ತರ: ಅಂಥ ಮಾಹಿತಿ ಇಟ್ಟಿಲ್ಲ.

ಅದೇ ಮೇ ತಿಂಗಳಿನಲ್ಲಿ ಇನ್ನೊಂದು ವಲಸೆಯೂ ವಾಪಸ್ಸಾಗ್ತಿತ್ತು. ವಂದೇ ಭಾರತ್ ಮಿಷನ್ನಿನ ಮೊದಲ ವಿಮಾನ ಲಂಡನ್ನಿನಿಂದ ಬೆಂಗಳೂರಿಗೆ ಮೇ 11ರ ಬೆಳಗಿನ ಜಾವ ಇಳಿಯಿತು. ಅದರಲ್ಲಿ ಬಂದವರು ದುಡ್ಡು ಕೊಟ್ಟೇ ಬಂದರು, ಕಷ್ಟ ಪಟ್ಟೇ ಬಂದರು. ಅವರನ್ನ ಕರೆಸಿದ್ದು ತಪ್ಪು ಅಂತ ನಾನು ಹೇಳಲ್ಲ. 2022ರಲ್ಲಿ ಯುಕ್ರೇನಿನಿಂದ ನಮ್ಮ ವಿದ್ಯಾರ್ಥಿಗಳನ್ನ ಆಪರೇಷನ್ ಗಂಗಾದಲ್ಲಿ ಸರ್ಕಾರವೇ ಖರ್ಚು ಹಾಕಿ ಕರ್ಕೊಂಡು ಬಂತು, ಬಹಳ ಒಳ್ಳೇದಾಯ್ತು. ನಾನು ಕೇಳೋದು ಇಷ್ಟೇ: ಹೊರದೇಶದಲ್ಲಿ ಓದೋ ಹುಡುಗ 'ನಮ್ಮ ಮಗು', ಚಿಕ್ಕಬಾಣಾವರದಲ್ಲಿ ರೈಲಿಗೆ ಕಾದವನು 'ವಲಸಿಗ'. ಇಬ್ಬರೂ ಮನೆ ಬಿಟ್ಟು ಹೋದವರೇ, ಇಬ್ಬರಿಗೂ ಮನೆಗೆ ಹೋಗಬೇಕಿತ್ತು. ಒಬ್ಬನನ್ನ ಕರೆಸೋದು ದೇಶದ ಹೆಮ್ಮೆ ಆಗುತ್ತೆ, ಇನ್ನೊಬ್ಬನನ್ನ ಕಳಿಸೋದು ಬಿಲ್ಡರ್‌ಗಳಿಗೆ ತೊಂದರೆ ಆಗುತ್ತೆ.

ಆ ಆಸ್ಪರಾಗಸ್ ಕಥೆಯನ್ನೂ ಹೇಳ್ತೀನಿ. ಜರ್ಮನಿಯಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಆಸ್ಪರಾಗಸ್ ಅನ್ನೋ ತರಕಾರಿಯ ಸೀಸನ್ನು. ಅದನ್ನ ಮಣ್ಣಿನಿಂದ ಕೀಳೋರು ಬಹುತೇಕ ಪೋಲೆಂಡ್, ರೊಮೇನಿಯಾದವರು. 2020ರ ಏಪ್ರಿಲ್‌ನಲ್ಲಿ ಗಡಿಯೆಲ್ಲ ಮುಚ್ಚಿದ್ದಾಗಲೂ ಜರ್ಮನಿ ಅವರಿಗೆ ಮಾತ್ರ ಬಾಗಿಲು ತೆರೆದು, ತಿಂಗಳಿಗೆ 40,000 ಜನರಂತೆ ವಿಮಾನದಲ್ಲಿ ಬರೋಕೆ ಬಿಟ್ಟಿತು. ಕ್ಲಾಸಿನಲ್ಲಿ ಇದರ ಮೇಲೆ ಮೂರು ಗಂಟೆ ಚರ್ಚೆ ನಡೀತು: ಕಾರ್ಮಿಕನ ಆರೋಗ್ಯಕ್ಕಿಂತ ತರಕಾರಿ ದೊಡ್ಡದಾಯ್ತಲ್ಲ ಅಂತ. ನಾನು ಎದ್ದು ನಿಂತು, ಅದಾದ ಕೆಲವೇ ವಾರಕ್ಕೆ ಬೆಂಗಳೂರಿನಲ್ಲಿ ರೈಲು ನಿಲ್ಲಿಸಿದ ಕಥೆ ಹೇಳಿದೆ. ಒಂದು ಸರ್ಕಾರ ಮಾಲೀಕರಿಗಾಗಿ ಬಾಗಿಲು ತೆರೆಯಿತು, ಇನ್ನೊಂದು ಮಾಲೀಕರಿಗಾಗಿ ಬಾಗಿಲು ಹಾಕಿತು. ಕ್ಲಾಸು ಸುಮ್ಮನಾಯ್ತು. ಹೊರಗೆ ಹೋಗಿದ್ದರಿಂದ ನನಗೆ ಸಿಕ್ಕ ದೊಡ್ಡ ಲಾಭ ಆ ಹೋಲಿಕೆ. ಆದರೆ ಅದು ಸಿಕ್ಕಿದ್ದು ನಮ್ಮ ಬೀದಿಯ ಕಥೆ ನನಗೆ ಮೊದಲೇ ಗೊತ್ತಿದ್ದರಿಂದ. ನನ್ನ ಜೊತೆ ಭಾರತದಿಂದ ಬಂದಿದ್ದ ಉಳಿದ ಮೂವರಿಗೆ ಹೋಲಿಸೋಕೆ ಕೈಯಲ್ಲಿ ಏನೂ ಇರಲಿಲ್ಲ. ಅವರು ಜಾಣರಲ್ಲ ಅಂತಲ್ಲ, ಅವರ ಕಾಲೇಜು ಏನೂ ಕೊಟ್ಟು ಕಳಿಸಿರಲಿಲ್ಲ.

ಈಗ ಬೇರೆ ಕಡೆಯಿಂದ ಬರೋ ಒಂದು ವಾದ. ಇಲ್ಲಿನ ವಿಷಯ ಇಲ್ಲೇ ಓದಿ, ಹೊರಗೆ ಯಾಕೆ ಹೋಗ್ತೀರಿ ಅನ್ನೋದು. ಮೇಲ್ನೋಟಕ್ಕೆ ನಾನು ಹೇಳಿದ್ದೇ ಅನ್ನಿಸುತ್ತೆ. ಅಲ್ಲ, ತದ್ವಿರುದ್ಧ. ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಅಂತ ಒಂದಿದೆ. ಪರಿಶಿಷ್ಟ ಜಾತಿಯ, ಅಲೆಮಾರಿ ಸಮುದಾಯಗಳ, ಭೂಮಿಯಿಲ್ಲದ ಕೃಷಿ ಕೂಲಿಕಾರರ, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳು ಹೊರದೇಶದಲ್ಲಿ ಎಂಎ, ಪಿಎಚ್‌ಡಿ ಮಾಡೋಕೆ. ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು ಅಂತ ಇಟ್ಟಿದ್ದರು, ಅದರಲ್ಲಿ ಕೂಲಿಕಾರರ ಮತ್ತು ಕುಶಲಕರ್ಮಿಗಳ ಮಕ್ಕಳಿಗೆ ಸೇರಿ 4. 2022ರಲ್ಲಿ ಇದರ ನಿಯಮ ಬದಲಾಯಿಸಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಭಾರತದ ಸಮಾಜ ಇವುಗಳ ಮೇಲೆ ಸಂಶೋಧನೆ ಮಾಡೋದಾದರೆ ದುಡ್ಡು ಕೊಡಲ್ಲ ಅಂದರು. ಅದಕ್ಕೆ ಬೇಕಾದ ಗ್ರಂಥ, ಮೇಷ್ಟ್ರು ಎಲ್ಲ ಇಲ್ಲೇ ಇದ್ದಾರಲ್ಲ ಅನ್ನೋದು ಸಮರ್ಥನೆ.

ಇದರ ಅರ್ಥ ಏನು ಅಂತ ಸ್ವಲ್ಪ ಬಿಡಿಸಿ ನೋಡಿ. ಅಪ್ಪ ಅಮ್ಮ ಪ್ರತಿ ವರ್ಷ ಗುಳೆ ಹೋಗೋ ಮನೆಯ ಹುಡುಗಿ, ಓದಿ, ಮೇಲೆ ಬಂದು, ಆ 4 ಸೀಟಿನಲ್ಲಿ ಒಂದನ್ನ ಗಿಟ್ಟಿಸಿದಳು ಅಂತಿಟ್ಟುಕೊಳ್ಳಿ. ಮೆಕ್ಸಿಕೋದವರು ಅಮೆರಿಕಕ್ಕೆ ಹೋಗೋದನ್ನ ಓದ್ತೀನಿ ಅಂದರೆ ದುಡ್ಡು ಸಿಗುತ್ತೆ. ನಮ್ಮಪ್ಪ ಲಿಂಗಸುಗೂರಿನಿಂದ ಗೊರಗುಂಟೆಪಾಳ್ಯಕ್ಕೆ ಯಾಕೆ ಹೋಗ್ತಾನೆ ಅಂತ ಓದ್ತೀನಿ ಅಂದರೆ ಸಿಗಲ್ಲ. ಅಪ್ಪನ ಖರ್ಚಿನಲ್ಲಿ ಹೋಗೋರಿಗೆ ಈ ಕಟ್ಟಳೆ ಇಲ್ಲ. ಅವರು ಏನನ್ನಾದರೂ ಓದಬಹುದು. ಅಂದರೆ ವಲಸೆಯನ್ನ ಬೇಜಾರಿಗೆ ಓದೋನಿಗೆ ಪ್ರಪಂಚವೆಲ್ಲ ತೆರೆದಿದೆ, ಅದನ್ನ ಬದುಕಿದವಳಿಗೆ ಅವಳದೇ ಪ್ರಶ್ನೆಯನ್ನ ಹೊರಗೆ ತಗೊಂಡು ಹೋಗೋ ಹಕ್ಕಿಲ್ಲ. ಒಳಗೆ ಓದೋಣ ಅಂದರೆ ಅದು ಫೀಲ್ಡ್ ಅಲ್ಲ. ಹೊರಗೆ ಓದೋಣ ಅಂದರೆ ಅದು ವಿಷಯ ಅಲ್ಲ. ಹಾಗಾದರೆ ಅವಳು ಎಲ್ಲಿ ಓದಬೇಕು?

ಹೊರಗಿನವರು ಮಾತ್ರ ಬಂದು ನಮ್ಮನ್ನ ಓದ್ತಾನೇ ಇದ್ದಾರೆ. ನೆದರ್‌ಲ್ಯಾಂಡ್ಸಿನ ಯಾನ್ ಬ್ರೇಮನ್ 1960ರ ದಶಕದ ಶುರುವಿನಲ್ಲೇ ದಕ್ಷಿಣ ಗುಜರಾತಿನ ಹಳ್ಳಿಗಳಿಗೆ ಬಂದರು. ಕಬ್ಬಿನ ಗದ್ದೆಗೆ, ಇಟ್ಟಿಗೆ ಭಟ್ಟಿಗೆ, ಸೂರತ್ತಿನ ಕಾರ್ಖಾನೆಗೆ ಅಲೆಯೋ ಕೂಲಿಗಳ ಬಗ್ಗೆ ಬರೆದರು. ಅವರು ಸೆಮಿಸ್ಟರಿಗೆ ಬಂದು ಹೋದವರಲ್ಲ. ಅದೇ ಊರುಗಳಿಗೆ ದಶಕಗಟ್ಟಲೆ ಮತ್ತೆ ಮತ್ತೆ ಬಂದವರು. ಹೊರಗಿನವರಾದರೂ ಅವರ ಪುಸ್ತಕಕ್ಕೆ ತೂಕ ಬಂದಿದ್ದು ಅದರಿಂದ. ಪಕ್ಕದ ಕೇರಳ ನೋಡಿ: ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ 1998ರಲ್ಲಿ ಕೇರಳ ವಲಸೆ ಸಮೀಕ್ಷೆ ಶುರು ಮಾಡಿತು, ಅಲ್ಲಿಂದ ಕೆಲವು ವರ್ಷಕ್ಕೊಮ್ಮೆ ಮನೆ ಮನೆಗೆ ಹೋಗಿ ಕೇಳೋದು ನಡೆದು ಬಂದಿದೆ. ಯಾರು ಗಲ್ಫಿಗೆ ಹೋದರು, ಎಷ್ಟು ದುಡ್ಡು ಕಳಿಸಿದರು, ಯಾರು ವಾಪಸ್ ಬಂದರು, ಎಲ್ಲ. ಅವರ ಸರ್ಕಾರ ಮಾತಾಡುವಾಗ ಕೈಯಲ್ಲಿ ಅಂಕಿ ಇರುತ್ತೆ. ನಮ್ಮಲ್ಲಿ ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ತೀರಾ ಹಿಂದುಳಿದಿವೆ ಅಂತ ಪಟ್ಟಿ ಕೊಟ್ಟಿತು. 371-ಜೆ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅನ್ನೋ ಹೆಸರೂ ಬಂತು. ಆ ಕಲ್ಯಾಣದಿಂದ ಹೊರಟ ಬಸ್ಸುಗಳು ಗೊರಗುಂಟೆಪಾಳ್ಯಕ್ಕೆ ಈಗಲೂ ತುಂಬಿಕೊಂಡೇ ಬರ್ತವೆ.

ಎರಡೂ ಮಾಡಬಹುದಲ್ವಾ, ಯಾಕಿಷ್ಟು ಜಗಳ ಅಂತೀರಾ? ಖಂಡಿತ ಮಾಡಬಹುದು. ನಾನು ಕೇಳ್ತಿರೋದೇ ಅದು. ಆದರೆ ಈಗ ಎರಡೂ ಆಗ್ತಿಲ್ಲ, ಒಂದೇ ಆಗ್ತಿದೆ. ಜರ್ಮನಿಗೆ ಓದೋಕೆ ಹೋಗೋರು ವೀಸಾಕ್ಕೆ ಮುಂಚೆ ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಅದು 11,904 ಯೂರೊ, ಹತ್ತು ಲಕ್ಷ ರೂಪಾಯಿಗೂ ಮೇಲೆ. ಒಂದು ಸೆಮಿಸ್ಟರಿಗೆ ಅದರ ಅರ್ಧ ಅಂತಿಟ್ಟುಕೊಂಡರೂ ಐದು ಲಕ್ಷ. ಅದೇ ದುಡ್ಡಿನಲ್ಲಿ ಹತ್ತು ಹುಡುಗರು ಐದು ತಿಂಗಳು, ತಿಂಗಳಿಗೆ ಹತ್ತು ಸಾವಿರ ಸ್ಟೈಪೆಂಡ್ ತಗೊಂಡು, ಅರ್ಧ ಸೆಮಿಸ್ಟರ್ ಯಾದಗಿರಿಯ ಹಳ್ಳಿಯಲ್ಲಿ, ಅರ್ಧ ಸೆಮಿಸ್ಟರ್ ಪೀಣ್ಯದಲ್ಲಿ ಇರಬಹುದು. ಒಂದೇ ಕುಟುಂಬದ ಎರಡೂ ತುದಿ ನೋಡಬಹುದು.

ಹಾಗಾಗಿ ನನ್ನ ಬೇಡಿಕೆ ಮೂರು. ಮೊದಲನೇದು, ವಲಸೆ ಓದೋಕೆ ಮಕ್ಕಳನ್ನ ಹೊರದೇಶಕ್ಕೆ ಕಳಿಸೋ ಪ್ರತಿ ವಿಭಾಗವೂ ಅಷ್ಟೇ ಕ್ರೆಡಿಟ್ಟಿನ ಒಂದು ಸೆಮಿಸ್ಟರನ್ನ ಕರ್ನಾಟಕದೊಳಗೆ ನಡೆಸಬೇಕು. ಅಲ್ಲಿ ಎಷ್ಟು ಅಂಕವೋ ಇಲ್ಲೂ ಅಷ್ಟೇ. ಎರಡನೇದು, ಹೊರಗೆ ಹೋಗೋರು ಮೊದಲು ಇಲ್ಲಿನ ಒಂದು ಬಸ್ ಸ್ಟಾಪು, ಒಂದು ಶೆಡ್ಡು, ಒಂದು ತಾಲ್ಲೂಕಿನ ಮೇಲೆ ಕನ್ನಡದಲ್ಲಿ ಒಂದು ವರದಿ ಬರೆದು ಹೋಗಬೇಕು. ಕನ್ನಡದಲ್ಲೇ ಯಾಕಂದರೆ, ಯಾರ ಬಗ್ಗೆ ಬರೆದಿದ್ದೀರೋ ಅವರ ಮನೆಯ ಎಂಟನೇ ಕ್ಲಾಸಿನ ಹುಡುಗಿ ಅದನ್ನ ಓದಿ, ಇದು ತಪ್ಪು ಅಂತ ಹೇಳೋ ಹಾಗಿರಬೇಕು. ಮೂರನೇದು, ಗುಳೆ ಹೋಗೋ ಮನೆಯ ಮಕ್ಕಳು ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಯಾವ ಪ್ರಶ್ನೆ ಬೇಕಾದರೂ ಯಾವ ದೇಶಕ್ಕೆ ಬೇಕಾದರೂ ತಗೊಂಡು ಹೋಗಲಿ. 2022ರ ಆ ಸಾಲು ಹೋಗಬೇಕು.

ಜರ್ಮನಿಗೆ ಹೊರಟಾಗ ನಮ್ಮೂರಿನ ಕಾಕಾ ಒಬ್ಬರು ಫೋನಿನಲ್ಲಿ ಕೇಳಿದ್ದರು, "ಏನ್ ಓದಾಕ ಹೊಂಟೀ ತಂಗಿ?" ಜನ ಊರು ಬಿಟ್ಟು ಯಾಕೆ ಹೋಗ್ತಾರೆ ಅನ್ನೋದನ್ನ, ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದನ್ನ ನನ್ನ ಕೇಳಿದ್ರ ಹೇಳ್ತಿದ್ದೆನಲ್ಲವಾ" ಅಂದರು. ವ್ಯಂಗ್ಯ ಏನಿರಲಿಲ್ಲ, ಅವರಿಗೆ ನಿಜವಾಗಲೂ ಆಶ್ಚರ್ಯ. ಹದಿನಾರು ವರ್ಷ ಗುಳೆ ಹೋದ ಮನುಷ್ಯ. ಅವರನ್ನ ಈವರೆಗೆ ಯಾವ ವಿಶ್ವವಿದ್ಯಾಲಯವೂ ಏನನ್ನೂ ಕೇಳಿಲ್ಲ.

ನಿಮಗೊಂದು ಕೆಲಸ ಹೇಳಿ ಮುಗಿಸ್ತೀನಿ. ಇದನ್ನ ಓದ್ತಿರೋರಲ್ಲಿ ಅರ್ಧ ಜನ ಯಾವುದಾದರೂ ಕಾಲೇಜಿನ ಅಲುಮ್ನಿ ಗ್ರೂಪಿನಲ್ಲಿ ಇದ್ದೀರಿ. ವರ್ಷಕ್ಕೊಮ್ಮೆ ಮೆಸೇಜ್ ಬರುತ್ತೆ, ವಿದ್ಯಾರ್ಥಿಗಳನ್ನ ಹೊರದೇಶಕ್ಕೆ ಕಳಿಸ್ತಿದ್ದೀವಿ, ಕೈಲಾದಷ್ಟು ಸಹಾಯ ಮಾಡಿ ಅಂತ. ಮಾಡಿ, ಒಳ್ಳೇ ಕೆಲಸ. ಆದರೆ ಯುಪಿಐ ಪಿನ್ ಒತ್ತೋ ಮುಂಚೆ ಒಂದು ಪ್ರಶ್ನೆ ಕೇಳಿ: ಇಲ್ಲೇ, ಕರ್ನಾಟಕದೊಳಗೆ, ವಲಸೆ ಓದೋದಕ್ಕೆ ನಿಮ್ಮಲ್ಲಿ ಎಷ್ಟು ಕ್ರೆಡಿಟ್ ಇದೆ? ಸೊನ್ನೆ ಅಂದರೆ, ಅದು ಸೊನ್ನೆಯಾಗಿ ಇರೋವರೆಗೂ ದುಡ್ಡು ನಿಮ್ಮ ಹತ್ತಿರಾನೇ ಇರಲಿ.